ಲೈಟಣ್ಣನ ಸಬ್ಬತ್

ಯೆಹೂದಿಗಳ ಪ್ರಾರ್ಥನಾಮಂದಿರದಲ್ಲಿ ಅವನನ್ನು ಎಲ್ಲರೂ ಲೈಟಣ್ಣ ಎಂದೇ ಕರೆಯುತ್ತಿದ್ದರು. ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್, ವಯಸ್ಸು ನಲವತ್ತು ದಾಟಿತ್ತು, ಆಸೆ ಒಂದೇ: ಯೆಹೂದಿಯಾಗಬೇಕು. ಅರ್ಧಂಬರ್ಧ ಅಲ್ಲ, ಪೂರ್ತಿ. ಹುಟ್ಟಿನಿಂದ ಅವರವನಲ್ಲ. ಒಮ್ಮೆ ಫ್ಯಾನು ರಿಪೇರಿಗೆಂದು ಹೋದವನು ಅವರ ಪ್ರಾರ್ಥನೆ ಕೇಳುತ್ತಾ ಏಣಿಯ ಮೇಲೇ ನಿಂತುಬಿಟ್ಟಿದ್ದ. ಏಣಿ ಇಳಿದರೂ ಆ ಗುಂಗು ಇಳಿಯಲಿಲ್ಲ.

ಸೇರಿಸಿಕೊಳ್ಳಿ ಎಂದು ಕೇಳಿದಾಗ ಅವರ ಧರ್ಮಗುರು, ರಬ್ಬಿ, ಮೂರು ಸಲ ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಬಂದವನು ಗಟ್ಟಿಯೋ ಜೊಳ್ಳೋ ನೋಡಲು ಹಾಗೆ ಮಾಡುವುದು ಅವರಲ್ಲಿ ಪದ್ಧತಿ. ಮತ್ತೆ ಹೋದಾಗ ಕೂರಿಸಿಕೊಂಡು ಪಾಠ ಶುರುಮಾಡಿದರು. ಮೊದಲ ದಿನವೇ ಹೇಳಿದರು: "ಸಬ್ಬತ್ ದಿನ, ಅಂದ್ರೆ ಶುಕ್ರವಾರ ಹೊತ್ತು ಮುಳುಗಿದಾಗಿಂದ ಶನಿವಾರ ರಾತ್ರಿ ತನಕ, ನಾವು ಯಾವ ಕೆಲಸಾನೂ ಮಾಡಲ್ಲ, ದೀಪ ಕೂಡ ಹಚ್ಚಲ್ಲ. ಆದ್ರೆ ನೀವಿನ್ನೂ ನಮ್ಮವರಲ್ಲ. ಆಗೋ ತನಕ ಪ್ರತಿ ಸಬ್ಬತ್ತಿಗೂ ಏನಾದ್ರೂ ಒಂದು ಕೆಲಸ ಮಾಡಿ ಅದನ್ನ ಮುರೀಲೇಬೇಕು. ಪೂರ್ತಿ ಪಾಲಿಸೋ ಹಕ್ಕು ನಿಮಗಿಲ್ಲ."

ಆ ಕೆಲಸವನ್ನು ಅವನು ಹುಡುಕಿಕೊಂಡು ಹೋಗಬೇಕಿರಲಿಲ್ಲ. ಕಟ್ಟಡದ ವೈರಿಂಗ್ ಮುತ್ತಾತನ ಕಾಲದ್ದು, ಶುಕ್ರವಾರ ಹೊತ್ತು ಮುಳುಗುವ ಮುಂಚೆಯೇ ಹಾಕಿಟ್ಟ ಹೀಟರು, ದೀಪ ಎಲ್ಲಾ ಉರಿದರೆ ಟ್ರಿಪ್ಪಾಗಿ ಕತ್ತಲಾಗಿಬಿಡುತ್ತಿತ್ತು. ಲೈಟು ಹಾಕು ಎಂದು ಬಾಯಿಬಿಟ್ಟು ಹೇಳುವುದೂ ಅವರಿಗೆ ನಿಷಿದ್ಧ. ಹಾಗಾಗಿ ಮಂದಿರದ ಕಾರ್ಯದರ್ಶಿ ಸೂರು ನೋಡುತ್ತಾ, ಸೂರಿಗೇ ಹೇಳಿದಂತೆ, "ಯಾಕೋ ಕತ್ತಲಾಯ್ತಲ್ಲ" ಎನ್ನುತ್ತಿದ್ದರು. ಲೈಟಣ್ಣ ಎದ್ದು ಹೋಗಿ ಸ್ವಿಚ್ಚು ಎತ್ತುತ್ತಿದ್ದ. ಅವರೆಲ್ಲ ಮತ್ತೆ ಪುಸ್ತಕಕ್ಕೆ ತಲೆ ತಗ್ಗಿಸುತ್ತಿದ್ದರು, ಇವನು ಮಾತ್ರ ಯಾವ ಪುಟವೆಂದು ಪಕ್ಕದವರ ಪುಸ್ತಕ ಇಣುಕುತ್ತಿದ್ದ.

ವೈರಿಂಗ್ ಸರಿಮಾಡಿಕೊಡುತ್ತೇನೆ ಎಂದರೆ ಕಾರ್ಯದರ್ಶಿ "ನೋಡೋಣ" ಎನ್ನುತ್ತಿದ್ದರು. ಪಾಠವೆಲ್ಲ ಮುಗಿದು ವರ್ಷಗಳಾದವು, ಸೇರಿಸಿಕೊಳ್ಳುವ ಮುಂಚಿನ ಕೊನೆಯ ಪರೀಕ್ಷೆಗೆ ಕರೆ ಬರಲಿಲ್ಲ. ಕೇಳಿದರೆ ರಬ್ಬಿಯದೂ ಅದೇ, "ನೋಡೋಣ." ಈ ನೋಡೋಣ ಎನ್ನುವವರು ಜನ್ಮದಲ್ಲಿ ನೋಡುವುದಿಲ್ಲ.

"ಕರೀದೆ ಇರೋರ ಬಾಗಿಲಲ್ಲಿ ಎಷ್ಟು ವರ್ಷ ನಿಂತ್ಕೋತೀಯೋ? ಮಾನ ಮರ್ಯಾದೆ ಏನಾದ್ರೂ ಇದೆಯಾ ನಿಂಗೆ?" ಎಂದು ಮನೆಯಲ್ಲಿ ಜೊತೆಗಿದ್ದ ಅಕ್ಕ ವಾರಕ್ಕೊಮ್ಮೆಯಾದರೂ ಬೈಯುತ್ತಿದ್ದಳು. ಇವನಿಗೆ ಅದು ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ, ಶುಕ್ರವಾರ ಬಂದರೆ ಮತ್ತೆ ಹೊರಡುತ್ತಿದ್ದ.

ಒಂದು ಸಂಜೆ ಏಣಿ ಇಡಲು ಹೋದಾಗ ಒಳಕೋಣೆಯಿಂದ ಕಾರ್ಯದರ್ಶಿಯ ಮಾತು ಕಿವಿಗೆ ಬಿತ್ತು. "ಲೈಟಣ್ಣಾನೂ ನಮ್ಮವನಾಗಿಬಿಟ್ರೆ ಸ್ವಿಚ್ ಹಾಕೋರು ಯಾರ್ರೀ?"

ಎಲ್ಲರೂ ನಕ್ಕರು. ಆ ನಗುವಿನಲ್ಲಿ ರಬ್ಬಿಯ ದನಿಯೂ ಇತ್ತು.

ಬೇರೆಯವರಾಗಿದ್ದರೆ ಅಲ್ಲೇ ಏಣಿ ಬಿಸಾಡಿ ಬರುತ್ತಿದ್ದರು. ಈ ಪುಣ್ಯಾತ್ಮ ಹಾಗಲ್ಲ. ಅಡ್ಡಿಯೆಂದರೆ ಸ್ವಿಚ್ಚೊಂದೇ ತಾನೆ, ಅದನ್ನೇ ತೆಗೆದುಬಿಟ್ಟರಾಯಿತು ಎಂದುಕೊಂಡ. ಯಾರ "ನೋಡೋಣ"ಕ್ಕೂ ಕಾಯದೆ ಮುಂದಿನ ವಾರವೇ ಹಳೆಯ ತಂತಿಗಳನ್ನೆಲ್ಲ ಕಿತ್ತು ಹೊಸದು ಎಳೆದ, ದೀಪಗಳು ಹೊತ್ತಿಗೆ ಸರಿಯಾಗಿ ತಾವೇ ಹತ್ತಿ ಆರುವಂತೆ ಟೈಮರ್ ಕೂರಿಸಿದ.

ಆ ಶುಕ್ರವಾರ ಒಂದು ದೀಪವೂ ಮಿಟುಕಲಿಲ್ಲ. ಕಾರ್ಯದರ್ಶಿ ಸೂರಿನ ಕಡೆ ತಲೆಯೆತ್ತಲೇ ಇಲ್ಲ. ಲೈಟಣ್ಣ ಕೊನೆಯವರೆಗೂ ಕೂತಲ್ಲಿಂದ ಏಳದೆ, ಉಳಿದವರಂತೆಯೇ ಪುಸ್ತಕ ಹಿಡಿದು ಕೂತಿದ್ದ. ಬದುಕಿನಲ್ಲಿ ಅಷ್ಟು ಸುಖ ಅವನು ಕಂಡಿರಲಿಲ್ಲ.

ಬಾಗಿಲ ಬಳಿ ಕಾರ್ಯದರ್ಶಿ ಅವನ ಎರಡೂ ಕೈ ಹಿಡಿದುಕೊಂಡರು. "ಎಂಥ ಉಪಕಾರ ಮಾಡಿದ್ರಿ ಲೈಟಣ್ಣ! ಪಾಪ, ಇನ್ಮೇಲೆ ನೀವು ಪ್ರತಿ ವಾರ ತೊಂದ್ರೆ ತಗೊಂಡು ಬರಬೇಕಾಗಿಲ್ಲ."

ಕುಹಕವಲ್ಲ, ಮನಃಪೂರ್ವಕವಾಗಿಯೇ ಹೇಳಿದ್ದರು. ಅದಕ್ಕೇ ಅಷ್ಟು ಉರಿಯಿತು. ಅವನು ರಬ್ಬಿಯ ಕಡೆ ತಿರುಗಿದ. "ನನ್ನ ಪರೀಕ್ಷೆ..."

"ನೋಡೋಣ," ಎಂದು ರಬ್ಬಿ ಕೋಟಿನ ಗುಂಡಿ ಹಾಕಿಕೊಂಡರು.

ಮನೆಗೆ ಬಂದರೆ ಒಳಗೆಲ್ಲ ಕತ್ತಲೆ.

"ಎಡವಬೇಡ, ಇಲ್ಲೇ ಕೂತಿದೀನಿ," ಎಂದಳು ಅಕ್ಕ. "ಹೊತ್ತು ಮುಳುಗೋ ಮುಂಚೆ ಲೈಟ್ ಹಾಕೋದು ಮರೆತೆ ಕಣೋ. ಆಮೇಲೆ, ನಿನ್ನ ಸಬ್ಬತ್ ಅಲ್ವಾ, ಹಾಕೋಕೆ ಮನಸ್ಸು ಬರಲಿಲ್ಲ."

ಅವನು ಗೋಡೆ ತಡವಿದ. ಈ ವಾರದ ಕೆಲಸ ಇನ್ನೂ ಬಾಕಿಯಿತ್ತು. ಹೊರಗಿನವನು ಮಾಡಲೇಬೇಕಾದ ಆ ಒಂದು ಕೆಲಸ.

"ಏನೋ ಮಾಡ್ತಿದೀಯ?"

"ಕತ್ತಲಾಯ್ತಲ್ಲಕ್ಕಾ," ಎಂದು ಸ್ವಿಚ್ಚು ಒತ್ತಿದ.

ಬೆಳಕಿನಲ್ಲಿ ಅವನ ಮುಖ ನೋಡಿದ ಅಕ್ಕ ತಟ್ಟೆ ಇಡಲು ಎದ್ದಳು.