ಒಲೆಗೆ ಕೇಳಿದ ಪ್ರಶ್ನೆಗಳು

ನೌಸೋರಿ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ ವಸಿತಿ ಮತ್ತು ಕಮಿನಿಯೇಲಿ ಒಂದೇ ಮೇಜಿನ ಎರಡು ತುದಿಗೆ ನಿಂತು ವರ್ಷದಿಂದ ಹಿಟ್ಟು ನಾದುತ್ತಿದ್ದರು. ಅಷ್ಟು ದಿನದಲ್ಲಿ ಒಬ್ಬರಿಗೊಬ್ಬರು ಒಂದು ಮಾತೂ ಆಡಿರಲಿಲ್ಲ. ಜಗಳವೇನಿಲ್ಲ ಮಾರಾಯರೇ. ಕಮಿನಿಯೇಲಿ ವಸಿತಿಯ ದೊಡ್ಡಪ್ಪನ ಮಗ, ಅಂದರೆ ಅಣ್ಣನೇ. ರೇವಾ ನದಿಯ ಮೇಲ್ದಂಡೆಯ ಅವರ ಊರಿನಲ್ಲಿ ದೊಡ್ಡವರಾದ ಅಣ್ಣ ತಂಗಿ ಮುಖಕ್ಕೆ ಮುಖ ಕೊಟ್ಟು ಮಾತಾಡುವಂತಿಲ್ಲ. ಅದು ಗೌರವ. ರಾಜಧಾನಿ ಸುವಾದ ಕಡೆಯವರು ಇದನ್ನೆಲ್ಲ ಬಿಟ್ಟಿದ್ದಾರಂತೆ. ಬಿಡಲಿ, ಅದು ಅವರ ಹಣೆಬರಹ.

ಆಚೆಯ ಮಾತು ಈಚೆಗೆ ದಾಟಿಸುವ ಕೆಲಸ ಅಂಗಡಿಯ ಒಡತಿ ಸುಭಾಗವತಿಯ ತಲೆಗೆ ಬಿದ್ದಿತ್ತು.

"ದೀದಿ, ಉಪ್ಪು ಹಾಕಿದ್ದಾಯ್ತಾ ಕೇಳಿ," ಎನ್ನುವನು ಕಮಿನಿಯೇಲಿ, ಗೋಡೆ ನೋಡುತ್ತ.

"ಆಯ್ತು ಅಂತ ಹೇಳಿ ದೀದಿ," ಎನ್ನುವಳು ವಸಿತಿ.

"ಅಯ್ಯೋ ನಿಮ್ಮಜ್ಜಿ! ಇಬ್ಬರಿಗೂ ಎರಡೆರಡು ಕಿವಿ ಇದೆ, ಮಧ್ಯೆ ನಾನೇನು ಪೋಸ್ಟಾಫೀಸಾ? ಕಾಗದಕ್ಕಾದ್ರೂ ಸ್ಟಾಂಪ್ ಹಚ್ತಾರಪ್ಪ!"

ವಸಿತಿ ನರ್ಸಿಂಗ್ ಎರಡನೇ ವರ್ಷದವಳು. ಎರಡು ಗಂಟೆಗೆ ಪಾಠ ಮುಗಿಸಿ ಓಡಿ ಬಸ್ಸು ಹಿಡಿದರೆ ಮೂರಕ್ಕೆ ಬೇಕರಿ, ಏಳಕ್ಕೆ ಮತ್ತೆ ಬಸ್ಸು. ಹಾಸ್ಟೆಲ್ಲಿನಲ್ಲಿ ಪುಸ್ತಕ ಬಿಚ್ಚಿದರೆ ಎರಡನೇ ಪುಟದ ಹೊತ್ತಿಗೆ ಪುಸ್ತಕ ಎದೆಯ ಮೇಲೆ, ಅವಳು ನಿದ್ದೆಯಲ್ಲಿ. ಓದಲು ಸಿಗುತ್ತಿದ್ದದ್ದು ಹಿಟ್ಟು ಉಬ್ಬುವ ನಲವತ್ತು ನಿಮಿಷ ಮಾತ್ರ. ಆಗ ಮೂಟೆಯ ಮೇಲೆ ಕೂತು ಮೂಳೆಗಳ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು.

ಎಲ್ಲ ಬಾಯಿಪಾಠವಾಗಿತ್ತು. ಕಷ್ಟ ಇದ್ದದ್ದು ಬೇರೆ ಕಡೆ. ಬಾಯಿಪರೀಕ್ಷೆಯಲ್ಲಿ ಪರೀಕ್ಷಕ ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದ ಕೂಡಲೇ ನಾಲಗೆ ಅಂಟಿಕೊಳ್ಳುತ್ತಿತ್ತು. ಒಮ್ಮೆ ಫೇಲಾಗಿದ್ದಳು. ಶುಕ್ರವಾರ ಎರಡನೆಯ ಸಲ. ಈ ಸಲವೂ ಹೋದರೆ ಹೆಸರು ಹೊಡೆದುಹಾಕುತ್ತಾರೆ, ಗಂಟು ಕಟ್ಟಿಕೊಂಡು ಊರಿಗೆ ಹೋಗುವುದೇ. ಇದನ್ನು ಅವಳು ಸುಭಾಗವತಿಯ ಹತ್ತಿರ ಹೇಳಿ ಅತ್ತಿದ್ದಳು. ಕಮಿನಿಯೇಲಿ ಅತ್ತ ತಿರುಗಿ ತಟ್ಟೆ ಉಜ್ಜುತ್ತಿದ್ದ. ಕೇಳಿಸದಿರುತ್ತದೆಯೇ?

ಆ ಸೋಮವಾರವೇ ಸುಭಾಗವತಿ ಮಗಳ ಬಾಣಂತನಕ್ಕೆಂದು ಬಾ ಎಂಬ ಪಟ್ಟಣಕ್ಕೆ ಹೋದಳು. ಪೋಸ್ಟಾಫೀಸು ಬಂದ್. ವಸಿತಿ ಹಿಟ್ಟು ಉಬ್ಬಲು ಇಟ್ಟು ಬಂದು ನೋಡಿದರೆ ಅವಳ ಪುಸ್ತಕ ಒಲೆಯ ಮೇಲಿನ ಹಲಗೆಯಲ್ಲಿ ತೆರೆದಿತ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಕಮಿನಿಯೇಲಿ ಅವಳಿಗೆ ಬೆನ್ನು ಕೊಟ್ಟು, ಅಕ್ಷರದ ಕೆಳಗೆ ಬೆರಳಿಟ್ಟು ನಿಂತಿದ್ದ.

"ಏ ಒಲೆ," ಎಂದ ಅವನು, ಗಂಟಲು ಸರಿಮಾಡಿಕೊಂಡು. "ಬೆನ್ನಲ್ಲಿ ಎಷ್ಟು ಮೂಳೆ?"

ವಸಿತಿಗೆ ನಗು ತಡೆಯಲಾಗಲಿಲ್ಲ. ಹಿಟ್ಟಿನ ತೊಟ್ಟಿಗೆ ಮುಖ ಮಾಡಿ, "ಮೂವತ್ತಮೂರು ಕಣೋ ಹಿಟ್ಟೇ," ಎಂದಳು.

ಹೀಗೆ ಮೂರು ದಿನ ನಡೆಯಿತು. ಬ್ರೆಡ್ ಕೊಳ್ಳಲು ಬಂದ ಹೆಂಗಸೊಬ್ಬಳು ಒಲೆಯೊಂದಿಗೆ ಒಬ್ಬ, ಹಿಟ್ಟಿನೊಂದಿಗೆ ಒಬ್ಬಳು ಮಾತಾಡುವುದನ್ನು ಕಂಡು ಚಿಲ್ಲರೆಯನ್ನೂ ಇಸಿದುಕೊಳ್ಳದೆ ಹೊರಟುಹೋದಳು.

ಗುರುವಾರ ಪುಸ್ತಕ ಪೂರ್ತಿ ಮುಗಿಯಿತು. ಒಂದೂ ತಪ್ಪಲಿಲ್ಲ. ಆದರೂ ವಸಿತಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

"ಹಿಟ್ಟೇ, ಇದರಿಂದ ಏನು ಬಂತು? ನಾಳೆ ಆ ಮನುಷ್ಯ ಗೋಡೆ ನೋಡ್ಕೊಂಡು ಕೇಳ್ತಾನಾ? ನನ್ನನ್ನೇ ನೋಡ್ತಾನೆ. ನಂಗೆ ಬಾಯೇ ಬರಲ್ಲ. ಮುಗೀತು ನನ್ನ ಕಥೆ."

ಒಲೆಯ ಕಡೆಯಿಂದ ಚಪ್ಪಲಿ ತಿರುಗಿದ ಸದ್ದಾಯಿತು.

"ವಸಿತಿ."

ಎಂಟು ವರ್ಷದವಳಿದ್ದಾಗ ಕೊನೆಯ ಸಲ ಆ ದನಿ ಅವಳ ಹೆಸರು ಹಿಡಿದು ಕರೆದಿತ್ತು.

"ತಲೆ ಎತ್ತು. ನನ್ನ ನೋಡು."

ನೋಡಿದಳು. ಅಣ್ಣನ ಬಲಗಣ್ಣಿನ ಪಕ್ಕ ಒಂದು ಮಚ್ಚೆಯಿದೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು, ಆದರೆ ಕಣ್ಣು ಮಾತ್ರ ಕದಲಲಿಲ್ಲ. ಹಿಟ್ಟು ಮೆತ್ತಿದ ಕೈಯನ್ನು ಅವಳ ಮುಂದೆ ಹಿಡಿದ.

"ಮಣಿಕಟ್ಟಲ್ಲಿ ಎಷ್ಟು ಮೂಳೆ?"

"...ಎಂಟು."

"ಇನ್ನೂ ಜೋರಾಗಿ. ಹೆಸರು ಹೇಳು."

"ಸ್ಕಾಫಾಯ್ಡ್," ಎಂದಳು. ನಿಂತಿತು. ಅವನು ಕಾದ. "ಲೂನೇಟ್... ಟ್ರೈಕ್ವೆಟ್ರಮ್..." ಎಂಟನೆಯದನ್ನು ಹೇಳುವಾಗ ಅವಳ ದನಿ ಬೀದಿಗೂ ಕೇಳುತ್ತಿತ್ತು. ಅವನು ಬಿಡಲಿಲ್ಲ. ಕಾಲು, ಪಕ್ಕೆಲುಬು, ತಲೆಬುರುಡೆ, ಎಲ್ಲವನ್ನೂ ಕೇಳಿದ. ಒಳಗೆ ಎರಡು ತಟ್ಟೆ ಬ್ರೆಡ್ ಕರಕಲಾಯಿತು. ಕೊನೆಗೆ ಅವನು ಮುಖ ತಿರುಗಿಸಿಕೊಂಡು ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗೆ ತಲೆಯಿಟ್ಟ.

ಶುಕ್ರವಾರ ಪರೀಕ್ಷಕ ಎದುರು ಕೂತು ನೋಡಿದ, ವಸಿತಿಯೂ ನೋಡಿದಳು. ಪಾಸಾದಳು.

ಸಿಹಿಸುದ್ದಿ ಹೇಳಲು ಶನಿವಾರ ಊರಿನ ಬಸ್ಸು ಹತ್ತಿದಳು. ಮನೆಯ ಬಾಗಿಲಲ್ಲೇ ಅವಳ ಕಾಲು ನಿಂತಿತು. ಒಳಗೆ ಚಾಪೆಯ ಮೇಲೆ ಕಮಿನಿಯೇಲಿ ತಲೆ ತಗ್ಗಿಸಿ ಕೂತಿದ್ದ. ಮುಂದೆ ಒಂದು ಕಟ್ಟು ಯಂಗೋನಾ ಬೇರು. ತಪ್ಪು ಮಾಡಿದವನು ಅದನ್ನು ಹಿರಿಯರ ಮುಂದಿಟ್ಟು ಕ್ಷಮೆ ಕೇಳಬೇಕು. ಹಿರಿಯರು ಮುಟ್ಟದಿದ್ದರೆ ಕ್ಷಮೆಯಿಲ್ಲ. ಅಪ್ಪನೋ, ಇಂಥದ್ದರಲ್ಲಿ ಸ್ವಂತ ತಮ್ಮನನ್ನೇ ಎರಡು ವರ್ಷ ಮನೆ ಹತ್ತಿಸದವನು. ವಸಿತಿ ಅಮ್ಮನ ಪಕ್ಕ ಮುದುರಿ ಕೂತಳು.

"ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ಯಾ?" ಅಪ್ಪ ಕೇಳಿದ.

"ಹೌದು ಚಿಕ್ಕಪ್ಪ."

"ಎಷ್ಟು ಹೊತ್ತು?"

"ಎರಡು ತಟ್ಟೆ ಬ್ರೆಡ್ ಸೀದುಹೋಗೋ ತನಕ."

"ಏನಂದೆ?"

"ಮೂಳೆ ಎಷ್ಟು ಅಂತ ಕೇಳ್ದೆ."

"ಇವಳು?"

"ಎಲ್ಲಾ ಹೇಳಿದ್ಳು ಚಿಕ್ಕಪ್ಪ," ಎಂದ ಕಮಿನಿಯೇಲಿ. "ಒಂದೂ ತಪ್ಪಲಿಲ್ಲ."

ಅಪ್ಪ ಬೇರಿನ ಕಟ್ಟನ್ನೇ ನೋಡುತ್ತ ಕೂತ. ನೋಡಿ ನೋಡಿ ಅವನ ಕಣ್ಣು ತುಂಬಿತು. ಕೊನೆಗೆ ಕೈಚಾಚಿ ಕಟ್ಟನ್ನು ಮುಟ್ಟಿ, ಅಂಗೈ ಬೊಗಸೆ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದ.

"ತಪ್ಪು ತಪ್ಪೇ. ಒಪ್ಕೊಂಡೆ, ಮುಗೀತು." ಆಮೇಲೆ ಮಗಳ ಕಡೆ ತಿರುಗಿದ. "ಮುಂದಿನ ಪರೀಕ್ಷೆ ಯಾವಾಗ?"

"ನವೆಂಬರಲ್ಲಿ, ಅಪ್ಪ."

ಅಪ್ಪ ಕಮಿನಿಯೇಲಿಯ ಬೆನ್ನಿನ ಮೇಲೆ ಕೈಯಿಟ್ಟ.

"ನನ್ನ ತೋಟದಲ್ಲಿ ಬೇಕಾದಷ್ಟು ಬೇರಿದೆ ಮಗಾ. ನವೆಂಬರಿಗೆ ಈಗ್ಲೇ ಒಂದು ಕಟ್ಟು ಕಿತ್ತಿಟ್ಕೊ."