ಗಾಲಿಯ ಮೇಲಿನ ಬಂಕು

ನಾನು ಗಾಲಿಗಳ ಮೇಲೆ ನಿಂತ ಒಂದು ಹೈಡ್ರೋಜನ್ ಬಂಕು. ಪೀಣ್ಯದ ಒಂದು ಶೆಡ್ಡಿನಲ್ಲಿ ನನ್ನನ್ನು ಕಟ್ಟಿದರು. ಟ್ರೇಲರಿನ ಮೇಲೆ ಉದ್ದನೆಯ ಉಕ್ಕಿನ ಸಿಲಿಂಡರುಗಳನ್ನು ಮಲಗಿಸಿ, ಪಕ್ಕಕ್ಕೆ ಅನಿಲ ತುಂಬುವ ದಪ್ಪ ಕೊಳವೆ ಜೋಡಿಸಿದರು. ನೆಲದಲ್ಲಿ ಬೇರುಬಿಡುವ ಯೋಗ ನನ್ನದಲ್ಲ. ಹೈಡ್ರೋಜನ್‌ನಿಂದ ಓಡುವ ಹೊಸ ಲಾರಿಗಳ ಪರೀಕ್ಷೆ ನಡೆಯುವಷ್ಟು ಕಾಲ ನಿಲ್ಲಬೇಕು, ಮುಗಿದ ಮೇಲೆ ಹೊರಡಬೇಕು.

ಮೊದಲು ನಿಂತದ್ದು ಧಾರವಾಡದ ಹೊರಗೆ, ಹೆದ್ದಾರಿ ಪಕ್ಕದ ಬಯಲಿನಲ್ಲಿ. ನನ್ನ ಉಸ್ತುವಾರಿ ಇಂಜಿನಿಯರ್ ನಸೀಮಾ ಕಿತ್ತೂರ ಅವರದು. ಸುತ್ತ ಕಾಂಕ್ರೀಟ್ ಗೋಡೆ ನಿಲ್ಲಿಸಿದರು, ಕಿಡಿ ಹಾರದಂತೆ ನೆಲಕ್ಕೆ ತಂತಿ ಇಳಿಸಿದರು, ಕೊನೆಗೆ ಉದ್ದ ಕೋಲಿಗೆ ಕಟ್ಟಿದ ಕಸಬರಿಗೆಯೊಂದನ್ನು ಗೋಡೆಗೆ ಒರಗಿಸಿದರು. ಹೈಡ್ರೋಜನ್ ಹೊತ್ತಿಕೊಂಡರೆ ಹಗಲಿನಲ್ಲಿ ಜ್ವಾಲೆ ಕಾಣುವುದಿಲ್ಲ. ಕಸಬರಿಗೆ ಮುಂದೆ ಚಾಚಿದರೆ ಅದು ಉರಿದು ತಿಳಿಸುತ್ತದೆ.

ಪರೀಕ್ಷೆಯ ಲಾರಿಯ ಚಾಲಕ ಮಡಿವಾಳಪ್ಪ. ಹಿಂದೆ ಪೆಟ್ರೋಲ್ ಟ್ಯಾಂಕರ್ ಓಡಿಸುತ್ತಿದ್ದವನು. ಡಿಪೋ ಒಂದರ ಬೆಂಕಿಯಲ್ಲಿ ಅವನ ಜೊತೆಗಾರ ತೀರಿಕೊಂಡಿದ್ದ. ಇವನ ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಲಾರಿಯನ್ನು ನನ್ನ ಪಕ್ಕಕ್ಕೆ ತಂದು ನಿಲ್ಲಿಸಿದವನೇ ಗೇಟಿನಾಚೆ ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ.

"ಹತ್ರ ಬಾ ಅಂತ ನಾ ಅನ್ನಂಗಿಲ್ಲ. ನಿನಗ ತಿಳಿದಾಗ ಬಾ," ಎನ್ನುತ್ತಿದ್ದರು ನಸೀಮಾ.

ಒಂದು ಮಧ್ಯಾಹ್ನ ಊರ ಗಣ್ಯರೆಲ್ಲ ಪ್ರದರ್ಶನ ನೋಡಲು ಬಂದರು. ಅವರನ್ನು ಕರೆತಂದವರು ಕಂಪನಿಯ ಮುಖ್ಯಸ್ಥ ಗಲಗಲಿ ಸಾಹೇಬರು. ಅನಿಲ ಹರಿಯತೊಡಗಿದ ಸ್ವಲ್ಪ ಹೊತ್ತಿಗೆ ನನ್ನ ಕೊಳವೆಯ ಕೀಲೊಂದು ಸಡಿಲವಾಗಿ ಸುಯ್‌ ಎಂದಿತು. ಎಚ್ಚರಿಕೆಯ ಗಂಟೆ ಹೊಡೆಯಿತು. ನಸೀಮಾ ಎಲ್ಲವನ್ನೂ ನಿಲ್ಲಿಸಿಬಿಟ್ಟರು. ನನ್ನ ಕವಾಟಗಳು ಮುಚ್ಚಿಕೊಂಡವು.

"ಮಂದಿ ಕಾಯಲಿಕ್ಹತ್ಯಾರ. ಏನೂ ಕಾಣವಲ್ದು. ಕೀಲ ಬಿಗಿ ಮಾಡಿ ಮತ್ತ ಚಾಲೂ ಮಾಡೂಣು," ಎನ್ನುತ್ತ ಗಲಗಲಿಯವರು ಕೈ ಚಾಚಿ ಕೊಳವೆಯತ್ತ ಹೆಜ್ಜೆಯಿಟ್ಟರು.

ನಸೀಮಾ ಅಡ್ಡ ನಿಂತರು. "ಮುಂದ ಹೋಗಬ್ಯಾಡ್ರಿ ಸರ್."

ಕಸಬರಿಗೆಯನ್ನು ಕೀಲಿನತ್ತ ಚಾಚಿದರು. ಬರಿಯ ಗಾಳಿಯಲ್ಲಿ ಅದರ ತುದಿ ಧಗ್ಗನೆ ಹೊತ್ತಿತು. ಗಲಗಲಿಯವರು ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು, ಆ ಕೈಯನ್ನೇ ನೋಡುತ್ತ ನಿಂತರು. ಕೊಳವೆಯಲ್ಲಿ ಉಳಿದಿದ್ದ ಅನಿಲ ತೀರಿದ ಮೇಲೆ ಬೆಂಕಿ ತಾನಾಗಿ ನಂದಿತು. ಬಂದವರು ಚಹಾ ಕುಡಿಯದೆ ಹೊರಟುಹೋದರು.

ಬೇವಿನ ಮರದ ಕೆಳಗಿನಿಂದ ಎಲ್ಲವನ್ನೂ ನೋಡಿದ್ದ ಮಡಿವಾಳಪ್ಪ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಹೊಸ ಕೀಲು ಹಾಕಿದ ದಿನ ಅವನು ಗೇಟು ದಾಟಿ ನೇರ ನನ್ನ ಬಳಿಗೇ ಬಂದ.

"ಹೆದರಿಕಿ ಆಗಲಿಲ್ಲೇನು?" ಕೇಳಿದರು ನಸೀಮಾ.

"ಆತ್ರಿ ಮೇಡಂ. ಅವತ್ತ ಡಿಪೋದಾಗೂ ಗಂಟಿ ಹೊಡದಿತ್ತು. ಲೋಡ್ ಮುಗೀಲಿ ಅಂದ್ರು, ಯಾರೂ ನಿಲ್ಲಿಸಲಿಲ್ಲ. ನೀವು ಸಾಹೇಬ್ರ ಮುಂದ ನಿಲ್ಲಿಸಿದ್ರಿ."

ಸುಟ್ಟ ಗುರುತಿನ ಆ ಕೈಯಿಂದಲೇ ನನ್ನ ಕೊಳವೆಯನ್ನೆತ್ತಿ, ಅವರು ತೋರಿಸಿದಂತೆ ಲಾರಿಗೆ ಕೂಡಿಸಿದ. ಆ ದಿನ ಲಾರಿ ಬೆಳಗಾವಿಗೆ ಹೋಗಿ, ದಾರಿಯುದ್ದಕ್ಕೂ ಹೊಗೆಯ ಬದಲು ಹಬೆ ಬಿಡುತ್ತ ಮರಳಿ ಬಂತು.

ಪರೀಕ್ಷೆ ಮುಗಿಯಿತು. ಮುಂದೆ ಹೊಸಪೇಟೆ, ಆಮೇಲೆ ಕಾರವಾರ. ಹೋದಲ್ಲೆಲ್ಲ ಪಕ್ಕದಲ್ಲಿ ಕಾಯಂ ಬಂಕು ಏಳುತ್ತಿತ್ತು, ನಾನು ಹೊರಡುತ್ತಿದ್ದೆ. ಕಡಲ ಗಾಳಿಗೆ ಮೈ ತುಕ್ಕು ಹಿಡಿಯಿತು. ಹಲವು ವರ್ಷಗಳ ಮೇಲೆ, ಒತ್ತಡ ತಡೆಯುವ ಪರೀಕ್ಷೆಯಲ್ಲಿ ನನ್ನ ಸಿಲಿಂಡರುಗಳು ಸೋತವು.

ಈಗ ಹುಬ್ಬಳ್ಳಿಯ ಗುಜರಿ ಅಂಗಳದಲ್ಲಿದ್ದೇನೆ. ಈ ಬೆಳಿಗ್ಗೆ ನಸೀಮಾ ಬಂದಿದ್ದಾರೆ, ತಲೆಗೂದಲು ಬೆಳ್ಳಗಾಗಿದೆ. ಉಕ್ಕು ಕೊಯ್ಯುವ ಗ್ಯಾಸ್ ಕಟರ್ ಹಿಡಿದು ಅವಸರಿಸುತ್ತಿದ್ದವನನ್ನು ದೂರ ನಿಲ್ಲಿಸಿ, ನನ್ನ ಒಂದೊಂದು ಸಿಲಿಂಡರಿನ ಬಾಯಿಗೂ ಅನಿಲ ಅಳೆಯುವ ಯಂತ್ರ ಹಿಡಿದು ನೋಡುತ್ತಿದ್ದಾರೆ. ಹೋದ ಊರುಗಳಲ್ಲಿ ನನ್ನ ಗುರುತು ಉಳಿದಿಲ್ಲ. ನನ್ನಿಂದ ಯಾರ ಮೈಯೂ ಸುಡಲಿಲ್ಲ, ಅಷ್ಟೇ. ಅದು ನನ್ನ ಹಿರಿಮೆಯಲ್ಲ. ನಿಲ್ಲಿಸಬೇಕಾದಾಗ ನಿಲ್ಲಿಸುವವರೊಬ್ಬರು ಪಕ್ಕದಲ್ಲಿದ್ದರು.

ಕೊನೆಯ ಸಿಲಿಂಡರನ್ನೂ ನೋಡಿ ನಸೀಮಾ ಹಿಂದೆ ಸರಿದರು.

"ಖಾಲಿ ಐತಿ. ಈಗ ಕೊಯ್ರಿ."