ಸ್ಪೀಕರಿನಲ್ಲಿ ಮಗಳು

"ಊಟಕ್ಕೆ ಎಂತ ಪದಾರ್ಥ ಇವತ್ತ್?" ಎಂದು ವನಜ ಕೂಗಿ ಕೇಳಿದಳು. ಫೋನು ಬಂಗುಡೆ ಬುಟ್ಟಿಯ ಅಂಚಿಗೆ ಒರಗಿ ನಿಂತಿತ್ತು. ಅವಳ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಅರ್ಧ ಹಸನಾದ ಮೀನು.

ಆ ಕಡೆಯಿಂದ ಮಗಳು ಶ್ರೀಲತಾ ಉತ್ತರಿಸುವ ಮೊದಲೇ, ಪಕ್ಕದಲ್ಲಿ ಮೀನು ಹರಡಿಕೊಂಡು ಕೂತಿದ್ದ ಸರಸ ಬಾಯಿ ಹಾಕಿದಳು. "ಏ ಹೆಣ್ಣೇ, ಗಂಡನ ಮನೆ ಸಿಕ್ಕಿದ್ದೇ ನಮ್ಮನ್ನೆಲ್ಲ ಮರ್ತ್ ಬಿಟ್ಯಾ? ಈ ಬದಿಗೆ ಬಪ್ದ್ ಯಾವಾಗ?"

ಮೀನು ಕೊಳ್ಳಲು ನಿಂತಿದ್ದ ಇಬ್ಬರು ಹೆಂಗಸರು ನಕ್ಕರು. ಫೋನಿನ ಸ್ಪೀಕರಿನಿಂದ ಶ್ರೀಲತಾಳ ನಗುವೂ ಕೇಳಿಸಿತು, ಸ್ವಲ್ಪ ತಡವಾಗಿ. "ಬತ್ತೆ ಸರಸಕ್ಕ. ಅಮ್ಮ, ಇಲ್ಲೆಲ್ಲ ಅಡ್ಡಿಲ್ಲೆ. ಇಡ್ತೆ ಅಕಾ," ಎಂದು ಫೋನು ಇಟ್ಟಳು.

ಅಷ್ಟೇ. ಮದುವೆಯಾಗಿ ಬೈಂದೂರು ಕಡೆಯ ನಾವುಂದಕ್ಕೆ ಹೋದ ಹೊಸತರಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದ ಹುಡುಗಿ ಈಗ ಎರಡು ಮಾತಿಗೆ ಮುಗಿಸುತ್ತಿದ್ದಳು. ಸಂಸಾರ ಹತ್ತಿತು, ಕೆಲಸ ಜಾಸ್ತಿ ಎಂದು ವನಜ ತನಗೆ ತಾನೇ ಹೇಳಿಕೊಂಡಿದ್ದಳು. ಬೆಳಗಿನ ಜಾವ ಎದ್ದು ಬಂದರಿಗೆ ಹೋಗಿ, ಅಲ್ಲಿಂದ ಬುಟ್ಟಿ ಹೊತ್ತು ಕುಂದಾಪುರದ ಮಾರ್ಕೆಟ್ಟಿಗೆ ಬಂದು ಕೂತವಳಿಗೆ ಅದಕ್ಕಿಂತ ಹೆಚ್ಚು ಯೋಚಿಸುವ ತ್ರಾಣವೂ ಇರಲಿಲ್ಲ.

ಫೋನು ಮುಂಬಯಿಯ ತಮ್ಮ ಜಿತೇಂದ್ರ ತಾನು ಹೊಸತು ಕೊಂಡಾಗ ಕೊಟ್ಟು ಹೋದದ್ದು. ಕಳೆದ ಮಳೆಗಾಲದಲ್ಲಿ ಒಮ್ಮೆ ಮೀನಿನ ನೀರಿಗೆ ಬಿದ್ದು ಎದ್ದ ಮೇಲೆ, ಕಿವಿಗಿಟ್ಟರೆ ಏನೂ ಕೇಳುತ್ತಿರಲಿಲ್ಲ. ಸ್ಪೀಕರ್ ಒತ್ತಿದರೆ ಮಾತ್ರ ಊರಿಗೆಲ್ಲ ಕೇಳುವಂತೆ ಒದರುತ್ತಿತ್ತು. ಮದ್ದು ಹೇಳದವರಿಲ್ಲ. ಅಕ್ಕಿ ಡಬ್ಬಿಯಲ್ಲಿ ಹುಗಿದಿಡು ಎಂದರು, ಇಟ್ಟಳು. ಬಂದ್ ಮಾಡಿ ಶುರು ಮಾಡು ಎಂದರು, ಮಾಡಿದಳು. ಸೆಟ್ಟಿಂಗಿಗೆ ಹೋಗು ಎಂದು ಜಿತೇಂದ್ರ ಮುಂಬಯಿಯಿಂದಲೇ ದಾರಿ ಹೇಳಿದ. ಹೋದವಳು ಎಲ್ಲೋ ಒತ್ತಿ ಅಕ್ಷರವನ್ನೆಲ್ಲ ಹಿಂದಿಗೆ ತಿರುಗಿಸಿಕೊಂಡು, ಅದನ್ನು ಸರಿ ಮಾಡಿಸಲು ಮತ್ತೆರಡು ದಿನ ಅಲೆದಿದ್ದಳು. ಕೊನೆಗೆ ಸಾಕಾಗಿ ಬಿಟ್ಟಳು. ಸ್ಪೀಕರಿನಲ್ಲಾದರೂ ಕೇಳುತ್ತದಲ್ಲ. ಮುಚ್ಚಿಡುವಂಥದ್ದು ತನ್ನಲ್ಲೇನಿದೆ?

ಆದರೆ ಈಚೆಗೆ ಮೈಕೂ ಆಗಾಗ ಕೈ ಕೊಡತೊಡಗಿತು. ಕೋಟದಲ್ಲಿ ಹೋಟೆಲಿಟ್ಟಿದ್ದ ಪ್ರೇಮಾನಂದ ಆ ಬೆಳಿಗ್ಗೆ ಅಂಜಲ್ ಮೀನು ಬೇಕೆಂದು ಫೋನು ಮಾಡಿದ್ದ. ಇವಳು ಗಂಟಲು ಹರಿಯುವಂತೆ ಕೂಗಿದರೂ ಅವನಿಗೆ ಬರೀ ಗರಗರ. "ಎಂತದೂ ಕೇಂತಿಲ್ಲೆ ವನಜಕ್ಕ. ಫೋನ್ ಸಮ ಮಾಡ್ಸಿ ಮಾರಾಯ್ರೆ," ಎಂದು ಅವನು ಬೇರೆಯವರ ಹತ್ತಿರ ಕೊಂಡುಕೊಂಡ. ಅವಳ ಅಂಜಲ್ ಮಂಜುಗಡ್ಡೆಯ ಮೇಲೇ ಉಳಿಯಿತು.

ಮಧ್ಯಾಹ್ನ ಉಳಿದ ಮೀನನ್ನು ಸರಸಳಿಗೆ ಒಪ್ಪಿಸಿ, ಕೈಗೆ ಸೋಪು ತಿಕ್ಕಿಕೊಂಡು, ವನಜ ಬಸ್‌ಸ್ಟ್ಯಾಂಡಿನ ಹತ್ತಿರವಿದ್ದ ಯತೀಶನ ಮೊಬೈಲ್ ಅಂಗಡಿಗೆ ಹೋದಳು. ಅವನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಗಿನ ಹತ್ತಿರ ಹಿಡಿದು, ಮುಖ ಹಿಂಡಿದ.

"ಇದ್ರೊಳಗೆ ಉಪ್ಪು ಕೂತಿತ್ತ್ ಅಕ್ಕ. ಹಳೆ ಸೆಟ್ಟ್. ಸಮ ಆದ್ರೆ ಆಯ್ತ್, ಗ್ಯಾರಂಟಿ ಕೊಡುದಿಲ್ಲೆ."

"ಆಪಷ್ಟ್ ಮಾಡ್ ಮಾರಾಯ. ನಂಗೂ ಕೂಗಿ ಕೂಗಿ ಸಾಕಾಯ್ತ್."

ಸ್ಟೂಲಿನ ಮೇಲೆ ಕೂತವಳಿಗೆ ಫ್ಯಾನಿನ ಗಾಳಿಗೆ ತೂಕಡಿಕೆ ಬಂತು. ಯತೀಶ ಮೈಕು ಬದಲಿಸಿ, ಕಿವಿಯ ಕಡೆಯ ಜಾಲರಿಯನ್ನು ಸಣ್ಣ ಬ್ರಶ್ಶಿನಿಂದ ಉಜ್ಜಿ, ಎಲ್ಲವನ್ನೂ ಮತ್ತೆ ಜೋಡಿಸಿ ಅವಳನ್ನು ಎಬ್ಬಿಸಿದ. "ಹ್ವಾಯ್ ಅಕ್ಕ, ಯಾರಿಗಾರೂ ಫೋನ್ ಮಾಡಿ ಕಾಣಿ."

ಅವಳು ಮಗಳಿಗೆ ಮಾಡಿದಳು. ಅಭ್ಯಾಸಬಲದಿಂದ ಸ್ಪೀಕರ್ ಒತ್ತಲು ಹೋದ ಬೆರಳನ್ನು ಯತೀಶ ತಡೆದು, ಕಿವಿಗಿಟ್ಟುಕೊಳ್ಳುವಂತೆ ಸನ್ನೆ ಮಾಡಿದ.

"ಅಮ್ಮ? ಎಂತ ಈಗ? ಇಲ್ಲೆಲ್ಲ ಅಡ್ಡಿಲ್ಲೆ."

ಎಷ್ಟು ಹತ್ತಿರ! ಮಗಳು ಹೆಗಲ ಮೇಲೆ ಗಲ್ಲವಿಟ್ಟು ಮಾತಾಡಿದ ಹಾಗಿತ್ತು. ವನಜಳಿಗೆ ನಗು ಬಂತು. "ಫೋನ್ ಸಮ ಆಯ್ತ್ ಮಗಾ! ಸ್ಪೀಕರ್ ಬ್ಯಾಡ ಇನ್ನ್. ನೀ ಹೇಳುದ್ ನನ್ನ್ ಕೆಮಿಗೆ ಮಾತ್ರ ಕೇಂತ್."

ಉತ್ತರ ಬರಲಿಲ್ಲ.

"ಹಲೋ? ಹಲೋ?" ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಕಾಲ್ ಕಟ್ಟಾಗಿರಲಿಲ್ಲ. "ಮತ್ತೂ ಹಾಳಾಯ್ತಾ ಕಾಣ್," ಎಂದು ಯತೀಶನ ಕಡೆಗೆ ಚಾಚಿದಳು. ಅವನು ಕಿವಿಗಿಟ್ಟು ಒಂದು ಕ್ಷಣ ಆಲಿಸಿದ. ಅವನ ಮುಖ ಬದಲಾಯಿತು. ಫೋನನ್ನು ಮರಳಿ ಅವಳ ಕೈಗೆ ಕೊಟ್ಟ.

ಹಾಳಾಗಿರಲಿಲ್ಲ. ಶ್ರೀಲತಾ ಅಳುತ್ತಿದ್ದಳು, ಬಾಯಿಗೆ ಬಟ್ಟೆ ಒತ್ತಿಕೊಂಡವರ ಹಾಗೆ.

"ಅಮ್ಮ, ಹತ್ರ ಯಾರಾರೂ ಇದ್ರಾ?"

ವನಜ ಅಂಗಡಿಯ ಮೆಟ್ಟಿಲಿಳಿದು ಗೋಡೆಯ ಬದಿಗೆ ಬಂದಳು. "ಯಾರೂ ಇಲ್ಲೆ. ಹೇಳ್."

"ಅವ್ರ್ ಹೊಡಿತ್ರ್ ಅಮ್ಮ."

ಅಳಿಯ ರವಿರಾಜ್. ಮದುವೆಯಲ್ಲಿ ತಲೆಯೆತ್ತದೆ ಊಟ ಮಾಡಿದ ಹುಡುಗ. ಮೀನುಗಾರಿಕೆಯ ಬೋಟಿನಿಂದ ಬಂದ ದಿನವೆಲ್ಲ ಏನಾದರೊಂದು ನೆಪ. ಸಾರಿಗೆ ಉಪ್ಪು ಹೆಚ್ಚಾಯಿತು, ಯಾರ ಹತ್ತಿರ ನಗುತ್ತಿದ್ದೆ ಎಂದೆಲ್ಲ. ಅತ್ತೆ ಗಿರಿಜಾ ಟಿವಿಯ ಧ್ವನಿ ಜೋರು ಮಾಡಿಕೊಂಡು ಕೂರುತ್ತಾಳಂತೆ. ಮಾತು ಒಂದರ ಮೇಲೊಂದು ಬೀಳುತ್ತ ಬಂತು. ವನಜ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಯಾವತ್ತಿಂದ?"

"ಮಳೆಗಾಲ ಕಳ್ದಲ್ಲಿಂದ."

"ದಿನಾ ಫೋನ್ ಮಾಡ್ತಿದ್ಯಲೇ ಹೆಣ್ಣೇ! ಒಂದ್ ಮಾತ್ ಹೇಳ್ಲಿಲ್ಲೆ?"

"ಹ್ಯಾಂಗ್ ಹೇಳುದ್ ಅಮ್ಮ? ಸರಸಕ್ಕ ಕೇಂತ್ರ್. ಮೀನಿಗೆ ಬಂದವ್ರೆಲ್ಲ ಕೇಂತ್ರ್."

ವನಜ ರಸ್ತೆಯ ಕಡೆ ನೋಡಿದಳು. ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ ಬೈಂದೂರು, ಬೈಂದೂರು ಎಂದು ಕೂಗುತ್ತಿದ್ದ.

"ಅವ ಈಗ ಮನೆಲಿದ್ನಾ?"

"ಇಲ್ಲೆ. ಬೋಟಿಗೆ ಹೋಯ್ರ್. ಅತ್ತೆ ಮನಿಕಂಡಿದ್ರ್."

"ನೀ ರೋಡಿಗೆ ಬಾ. ನಾ ಬತ್ತೆ."

"ಅಮ್ಮ, ಊರವ್ರ್ ಎಂತ ಹೇಳ್ತ್ರೊ..."

"ರೋಡಿಗೆ ಬಾ ಅಂದೆ."

ಬಸ್ಸಿನಲ್ಲಿ ಸೀಟಿರಲಿಲ್ಲ. ತಲ್ಲೂರು ದಾಟುವವರೆಗೂ ಕಂಬ ಹಿಡಿದು ನಿಂತೇ ಇದ್ದಳು. ಅವಳ ಸೀರೆಯ ವಾಸನೆಗೆ ಯಾರೋ ಮುಖ ತಿರುಗಿಸಿದರು. ಮಂಡಿ ನೋಯುತ್ತಿತ್ತು. ಮಗಳನ್ನು ಕರೆತಂದ ಮೇಲೆ ಮುಂದೇನು, ಬೋಟಿನಿಂದ ಬಂದ ಅಳಿಯ ಬಾಗಿಲಿಗೆ ಬಂದು ನಿಂತರೆ ಏನು ಹೇಳುವುದು, ಸರಸ ಕೇಳಿದರೆ ಏನು ಹೇಳುವುದು? ಮರವಂತೆಯಲ್ಲಿ ಕಡಲು ಬಂತು, ಹೋಯಿತು. ಅವಳು ನೋಡಲಿಲ್ಲ.

ನಾವುಂದದಲ್ಲಿ ಚತುಷ್ಪಥಕ್ಕೆಂದು ರಸ್ತೆಯ ಅರ್ಧವನ್ನು ಅಗೆದು ಹಾಕಿದ್ದರು. ಕೆಮ್ಮಣ್ಣಿನ ದಿಬ್ಬದ ಆಚೆ ಶ್ರೀಲತಾ ನಿಂತಿದ್ದಳು, ಮನೆಯಲ್ಲುಡುವ ನೈಟಿಯ ಮೇಲೆ ಒಂದು ವೇಲು ಹೊದ್ದು. ವನಜ ದಿಬ್ಬ ಹತ್ತಿಳಿದು ಹತ್ತಿರ ಹೋದಳು. ತಾಯಿ ಮಗಳ ಕೈಯಿಂದ ಚೀಲ ಇಸಿದುಕೊಂಡಳು. ಭಾರವಿತ್ತು, ಶ್ರೀಲತಾ ಹಗ್ಗದ ಮೇಲಿದ್ದ ಬಟ್ಟೆಯನ್ನು ಒಣಗುವ ಮೊದಲೇ ಎಳೆದು ತುರುಕಿಕೊಂಡು ಬಂದಿದ್ದಳು.

ಕುಂದಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ವನಜ ಚೀಲವನ್ನು ಕಾಲಬುಡದಲ್ಲಿಟ್ಟಳು. ಅದರ ಅಡಿಯಿಂದ ನೀರು ಜಿನುಗಿ, ಒಣಗಿದ ಕೆಂಪು ಧೂಳಿನಲ್ಲಿ ಮೆಲ್ಲಗೆ ಹರಡುತ್ತಿತ್ತು.